ಇಪ್ಪತ್ತಮೂರನೆಯ ಸ್ಲಾಟ್

ನಟ್ಟು ಜಗ್ಗಲಿಲ್ಲ. ಮುಂದಿನ ಕೋಣೆಯಿಂದ ಕೆಲಸದ ಮೇಜನ್ನು ಹೊರಗೆ ಸಾಗಿಸಲು ಮೂವರು ಗಂಡಸರು ಹತ್ತು ನಿಮಿಷದಿಂದ ಒದ್ದಾಡುತ್ತಿದ್ದರು. ಮೇಜಿನ ನಾಲ್ಕೂ ಕಾಲುಗಳನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಲಾಗಿತ್ತು. ಒಬ್ಬ ಒದ್ದು ನೋಡಿದ, ಒಬ್ಬ ಅಲ್ಲಾಡಿಸಿದ, ಇನ್ನೊಬ್ಬ ಸುತ್ತಿಗೆ ಹುಡುಕತೊಡಗಿದ. ಆಸ್ಪತ್ರೆಯಿಂದ ಗಾಡಿ ಹೊರಟಿದೆ ಎಂದು ಆಗಲೇ ಫೋನು ಬಂದಿತ್ತು. ಹೆಣ ಬಂದರೆ ಇಡಲು ಆ ಮನೆಯಲ್ಲಿ ಬೇರೆ ಜಾಗವಿರಲಿಲ್ಲ.

"ಸುತ್ತಿಗೆ ಬೇಡ," ಎಂದಳು ಅವಳು, ಒಳಬಾಗಿಲಲ್ಲಿ ನಿಂತು. "ಮೇಲಿನ ಡ್ರಾಯರಲ್ಲಿ ಹದಿನೇಳರ ಸ್ಪ್ಯಾನರ್ ಇದೆ. ಒಂದು ಹನಿ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಸುಮ್ಮನಿರಿ. ಆಮೇಲೆ ಮೊದಲು ಬಿಗಿ ಮಾಡಿ, ಆಮೇಲೆ ಬಿಚ್ಚಿ."

"ಬಿಚ್ಚೋಕೆ ಬಿಗಿ ಮಾಡ್ಬೇಕಾ ಅಕ್ಕ?"

"ಹಠ ಹಿಡಿದಿದ್ದಕ್ಕೆ ಹಾಗೇ ಮಾಡ್ಬೇಕು."

ಕೇಳಿದವನು ಉದ್ದಣ್ಣ. ಮೋಟರು ಮೇಸ್ತ್ರಿಯಾಗಿದ್ದ ಅವಳ ಗಂಡನ ಜೊತೆ ಸಾಬೂನಿನ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಆರಡಿ ಮೇಲೆ ನಾಲ್ಕು ಬೆರಳು ಬೆಳೆದು, ಅಪ್ಪ ಅಮ್ಮ ಇಟ್ಟ ಹೆಸರನ್ನು ಎಂದೋ ಕಳೆದುಕೊಂಡಿದ್ದ. ಅವಳು ಹೇಳಿದಂತೆ ಮಾಡಿದ. ನಟ್ಟು ಒಮ್ಮೆ ಕಿರ್ ಎಂದು ಸುಮ್ಮನೆ ತಿರುಗಿಕೊಂಡು ಬಂತು.

"ನೋಡ್ರಪ್ಪ," ಎಂದ ಉಳಿದಿಬ್ಬರಿಗೆ. "ಮೇಸ್ತ್ರಿ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದ್ರೆ ಗೋಡೆಗೂ ಸ್ಪ್ಯಾನರ್ ನಂಬರು ಗೊತ್ತಾಗುತ್ತೆ!"

ಮೂವರೂ ನಕ್ಕರು. ಎಲ್ಲಿದ್ದೇವೆ ಎಂಬುದು ನೆನಪಾಗಿ ನಗು ಅಲ್ಲೇ ನಿಂತಿತು. ಆ ಮೇಜಿನ ಮುಂದೆ ಹತ್ತೊಂಬತ್ತು ವರ್ಷ ಕೂತವಳು ತಾನು, ಮೇಸ್ತ್ರಿಯಲ್ಲ ಎಂದು ಯಾರಿಗಾದರೂ ಹೇಳುವುದು ಅವಳ ರೂಢಿಯಲ್ಲೇ ಇರಲಿಲ್ಲ.

ಮೇಜು ಹೊರಗೆ ಹೋಯಿತು. ಅದಿದ್ದ ಜಾಗದಲ್ಲಿ ನೆಲ ಬೇರೆಯೇ ಬಣ್ಣಕ್ಕಿತ್ತು; ವಾರ್ನಿಶ್ಶಿನ ಹನಿಗಳು ಬಿದ್ದು ಗಟ್ಟಿಯಾಗಿ ಜೇನಿನ ಬೊಟ್ಟುಗಳಂತೆ ಕಾಣುತ್ತಿದ್ದವು. ಅರ್ಧ ಗಂಟೆಯಲ್ಲಿ ಗಾಡಿ ಬಂತು. ಅವಳ ಗಂಡನನ್ನು ಸ್ಟ್ರೆಚರಿನ ಸಮೇತ ತಂದು, ಅವಳು ಕೂರುತ್ತಿದ್ದ ಜಾಗದಲ್ಲೇ ಮಲಗಿಸಿದರು.

ಗಾಡಿಯ ಹಿಂದೆಯೇ ಮಗಳು ಬಂದಳು. ಇಪ್ಪತ್ತೇಳು ವರ್ಷದವಳು, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ಇಪ್ಪತ್ತು ದಿನ ಅಪ್ಪನ ಹಾಸಿಗೆಯ ಪಕ್ಕ ಕುರ್ಚಿಯಲ್ಲಿ ಮಲಗಿ ಕತ್ತು ಒಂದು ಕಡೆಗೆ ಹಿಡಿದುಕೊಂಡಿತ್ತು.

"ಏನಾದ್ರೂ ತಿಂದ್ಯಾ?" ಎಂದು ಅವಳು ಕೇಳಿದಳು.

"ಹೂಂ," ಎಂದಳು ಮಗಳು, ಅಮ್ಮನ ಮುಖ ನೋಡದೆ. ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತು ಹೀಗೇ ನಡೆದಿತ್ತು. ಜಗಳವೇನಿಲ್ಲ. ಹೂಂ, ಊಹೂಂ, ತಂದಿದೀನಿ, ಇಟ್ಟಿದೀನಿ.

ನಾದಿನಿ ಅತ್ತು ಸುಸ್ತಾಗಿ, ಪಕ್ಕದ ಮನೆಯವಳ ಹೆಗಲಿಗೆ ಒರಗಿ ಮಾತಿಗೆ ಶುರುವಿಟ್ಟುಕೊಂಡಿದ್ದಳು. "ನಮ್ಮಣ್ಣನಂಥ ಗಂಡ ಯಾರಿಗೆ ಸಿಕ್ತಾನೆ ಹೇಳಿ. ಕೈಯಲ್ಲಿದ್ದ ಕೆಲಸ ಹೋಯ್ತು. ಮಗಳ ಓದು ಅರ್ಧಕ್ಕೆ ನಿಂತ್ಹೋಯ್ತು. ಆದ್ರೂ ಇವಳಿಗೆ ಒಂದು ಮಾತು ಅಂದಿದ್ರೆ ಕೇಳಿ! ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡ."

"ಯಾಕೆ, ಏನಾಗಿತ್ತು?"

"ಈಗ್ಯಾಕೆ ಬಿಡಿ ಅದೆಲ್ಲ. ಮನೆ ಮಾತು," ಎಂದು ನಾದಿನಿ, ಬಿಡುವುದಕ್ಕೆ ಮನಸ್ಸಿಲ್ಲದವಳಂತೆ ಅತ್ತಿಗೆಯ ಕಡೆ ಒಂದು ಸಲ ನೋಡಿದಳು.

ಅವಳು ಗಂಡನ ಮೇಲಿನ ಹೊದಿಕೆಯ ಅಂಚು ಸರಿಮಾಡಿದಳು. ನಾದಿನಿ ಹೇಳಿದ್ದರಲ್ಲಿ ಸುಳ್ಳೇನಿದೆ? ಅವನು ಒಂದು ಮಾತೂ ಅಂದಿರಲಿಲ್ಲ.

*

ಮದುವೆಯಾದ ಮೊದಲ ವರ್ಷವೇ ಅವನು ಅವಳಿಗೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕಲಿಸಿದ್ದ. ಪ್ರೀತಿಯಿಂದ ಅಂತೇನಲ್ಲ, ಗತಿಯಿಲ್ಲದೆ. ಅವನ ಬೆರಳುಗಳು ದಪ್ಪ. ಕಾರ್ಖಾನೆಯಲ್ಲಿ ಬೇರಿಂಗು ಬಡಿಯುವುದಕ್ಕೆ, ಮೋಟರು ಎತ್ತಿ ಕೂರಿಸುವುದಕ್ಕೆ ಅವು ಸರಿ. ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತಿ, ಕಬ್ಬಿಣದ ಒಳಗಿನ ಸಂದಿಯೊಂದರಲ್ಲಿ ಕೂರಿಸುವುದಕ್ಕಲ್ಲ. ಆ ಸಂದಿಗೆ ಸ್ಲಾಟ್ ಎನ್ನುತ್ತಾರೆ. ಮೊದಲು ಸ್ಲಾಟಿನೊಳಗೆ ಕಾಗದ ಮಡಚಿ ಹಾಕಬೇಕು, ಆಮೇಲೆ ತಂತಿ, ಅದರ ಮೇಲೆ ಬಿದಿರಿನ ಪಟ್ಟಿ. ಕಾಗದ ಎಲ್ಲಾದರೂ ಜಾರಿದರೆ ತಂತಿ ಕಬ್ಬಿಣಕ್ಕೆ ತಾಗುತ್ತದೆ. ಅಲ್ಲಿಗೆ ಆ ಮೋಟರಿನ ಕತೆ ಮುಗಿಯಿತು.

ಅವಳ ಬೆರಳಿಗೆ ಅದು ಆರು ತಿಂಗಳಲ್ಲಿ ಒಲಿಯಿತು. ಏಳನೆಯ ತಿಂಗಳಿಂದ ಅವನು ಬರೀ ಜೋಡಣೆ ಮತ್ತು ಪರೀಕ್ಷೆಗೆ ನಿಂತ. ಕಾರ್ಖಾನೆಯ ಟೆಂಪೋ ಸುಟ್ಟ ಮೋಟರುಗಳನ್ನು ಮನೆಗೆ ತಂದು ಇಳಿಸಿ ಹೋಗುತ್ತಿತ್ತು; ವಾರ ಕಳೆದು ಬಂದರೆ ವಾರ್ನಿಶ್ಶು ಹೊಳೆಯುವ ಮೋಟರು ತಯಾರಿರುತ್ತಿತ್ತು. "ಮೇಸ್ತ್ರಿ ಕೈ ಅಂದ್ರೆ ಕೈ," ಎಂದು ಟೆಂಪೋದವನು ಹೊಗಳಿದರೆ ಅವಳು ಅಡುಗೆಮನೆಯಲ್ಲಿ ಕೂತು ಸೆರಗಿನಲ್ಲಿ ನಗುತ್ತಿದ್ದಳು. ಕಾರ್ಖಾನೆಯವರಿಗೆ ಗೊತ್ತಾಗುವುದು ಬೇಡ ಎಂದು ಅವನು ಹೇಳಿದ್ದ. ಹೆಂಗಸು ಸುತ್ತಿದ್ದು ಎಂದರೆ ಕೆಲಸ ಕೊಡಲ್ಲ. ಅದೂ ನಿಜವೇ ಇದ್ದೀತು. ಅವಳಿಗೆ ಹೆಸರು ಬೇಕೆಂದೂ ಇರಲಿಲ್ಲ. ಸಾಲು ತಪ್ಪದೆ ಕೂತ ತಂತಿಯ ಮೇಲೆ ಬೆರಳು ಆಡಿಸಿದಾಗ ಆಗುವ ಹಿತವೊಂದಿದ್ದರೆ ಸಾಕಿತ್ತು.

ಹೀಗಿರುವಾಗ ಕಾರ್ಖಾನೆಗೆ ಮೋಟರಿನ ವೇಗ ಬದಲಿಸುವ ಡ್ರೈವ್‌ಗಳು ಬಂದವು. ಆ ದಿನ ಅವನು ಊಟಕ್ಕೆ ಕೂತು ನಗುತ್ತ ಹೇಳಿದ್ದ. "ಬೂದುಬಣ್ಣದ ಪೆಟ್ಟಿಗೆ ಕಣೇ. ಗೋಡೆಗೆ ನೇತು ಹಾಕ್ತಾರೆ. ಅದರಲ್ಲಿ ಒಂದು ಗುಂಡಿ. ತಿರುಗಿಸಿದ್ರೆ ಮೋಟರು ಓಡುತ್ತೆ, ಇನ್ನೊಂದು ಕಡೆ ತಿರುಗಿಸಿದ್ರೆ ನಡೆಯುತ್ತೆ. ಬೆಲ್ಟು ಬದಲಾಯಿಸೋ ಕಷ್ಟ ಇಲ್ಲ."

"ನಮ್ಮ ಹಳೇ ಮೋಟರಿಗೇ?"

"ನಮ್ಮ ಹಳೇ ಮೋಟರಿಗೇ! ಹೊಸದು ತರಲ್ಲ. ಸಾಬೂನು ಕಲಸೋ ನಾಲ್ಕು ಮೋಟರಿಗೂ ಹೊಸ ವೈಂಡಿಂಗ್ ಮಾಡಿ, ಪೆಟ್ಟಿಗೆ ಜೋಡಿಸ್ತಾರೆ. ಒಬ್ಬ ಹುಡುಗ ಇಂಜಿನಿಯರ್ ಬಂದಿದಾನೆ, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ನನಗೆ ಮೋಟರ್ ಬಗ್ಗೆ ಪಾಠ ಹೇಳ್ತಾನೆ. ಇಪ್ಪತ್ತೈದು ವರ್ಷದಿಂದ ಮೋಟರಿನ ಹೊಟ್ಟೆಯೊಳಗೇ ಬದುಕಿದೀನಿ ನಾನು."

ನಾಲ್ಕನ್ನೂ ಅವಳೇ ಸುತ್ತಿದಳು. ಮೂರು ಸಲೀಸಾಗಿ ಮುಗಿದವು. ನಾಲ್ಕನೆಯದು ಮಾಡುವ ವಾರ ಮಗಳಿಗೆ ಜ್ವರ. ಹದಿನಾರು ವರ್ಷದ ಹುಡುಗಿ, ಮೈ ಕೆಂಡವಾಗಿ "ಅಮ್ಮಾ" ಎಂದು ಕನವರಿಸಿದಳು. ಮೂವತ್ತಾರು ಸ್ಲಾಟಿನಲ್ಲಿ ಇಪ್ಪತ್ತಮೂರನೆಯದಕ್ಕೆ ಕಾಗದ ಕತ್ತರಿಸುತ್ತಿದ್ದವಳು ಎದ್ದು ಓಡಿದಳು. ಹಣೆಗೆ ಒದ್ದೆ ಬಟ್ಟೆ ಹಾಕಿ, ಮಾತ್ರೆ ಕೊಟ್ಟು, ಮಲಗಿಸಿ ಬಂದು ಮತ್ತೆ ಕೂತಳು.

ಡ್ರೈವಿಗೆ ಜೋಡಿಸಿದ ಹನ್ನೊಂದನೆಯ ದಿನ ಆ ನಾಲ್ಕನೆಯ ಮೋಟರು ಸುಟ್ಟಿತು. ಕಲಸುವ ತೊಟ್ಟಿಯಲ್ಲಿ ಸಾಬೂನು ಕಲ್ಲಾಗಿ, ಎರಡು ದಿನ ಉಳಿ ಹಿಡಿದು ಕಡಿದರಂತೆ. ಹದಿನೈದು ದಿನಕ್ಕೆ ಅವನನ್ನು ಕೆಲಸದಿಂದ ತೆಗೆದರು. ಅವನು ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ಕೂತ.

"ವೈಂಡಿಂಗ್ ಹೋಯ್ತು," ಎಂದ.

"ನಾನು ಮಾಡಿದ್ದಾ?"

ಅವನು ಬಗ್ಗಿ ಒಂದೊಂದಾಗಿ ಚಪ್ಪಲಿ ಬಿಚ್ಚಿದ. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟ. "ಬಿಡು. ಎಲ್ಲರ ಕೈಯೂ ಒಂದಲ್ಲ ಒಂದು ದಿನ ತಪ್ಪುತ್ತೆ."

ಆಗಿನಿಂದ ಅವಳು ಹುಡುಕತೊಡಗಿದಳು. ಎಲ್ಲಿ ತಪ್ಪಿದೆ? ಹುಡುಕುವವರಿಗೆ ತಪ್ಪು ಸಿಕ್ಕದೆ ಇರುತ್ತದೆಯೇ? ಇಪ್ಪತ್ತಮೂರನೆಯ ಸ್ಲಾಟು. ಜ್ವರ ನೋಡಿ ವಾಪಸು ಬಂದು ಕಾಗದ ಹಾಕಿದೆನೋ, ಹಾಕಿದ್ದೇನೆ ಎಂದುಕೊಂಡು ತಂತಿಯನ್ನೇ ಇಳಿಸಿಬಿಟ್ಟೆನೋ? ಮೊದಮೊದಲು ಅನುಮಾನ. ಆರು ತಿಂಗಳಲ್ಲಿ ಅದು ಖಾತ್ರಿಯಾಯಿತು. ಬರಿಯ ಕಬ್ಬಿಣದ ಸಂದಿಯಲ್ಲಿ ಬೆತ್ತಲೆ ಕೂತ ತಂತಿ ಕಣ್ಣಿಗೆ ಕಟ್ಟತೊಡಗಿತು. ಒಂದು ದಿನ ತಡೆಯಲಾರದೆ ಮಗಳ ಮುಂದೆಯೇ ಅಂದುಬಿಟ್ಟಳು: "ನೀನು ಅವತ್ತು ಕೂಗದೆ ಇದ್ದಿದ್ದರೆ..."

ಅಷ್ಟೇ. ಮಾತು ಮುಗಿಸಿರಲೂ ಇಲ್ಲ. ಮಗಳು ತಟ್ಟೆ ಬಿಟ್ಟು ಎದ್ದು ಹೋದಳು. ಓದು ನಿಂತು, ಕೌಂಟರಿಗೆ ಹೋಗತೊಡಗಿದ್ದ ದಿನಗಳವು. ಹೂಂ, ಊಹೂಂ ಶುರುವಾದದ್ದು ಅಲ್ಲಿಂದ.

*

ಮಧ್ಯಾಹ್ನ ಎರಡರ ಹೊತ್ತಿಗೆ ಕಾರ್ಖಾನೆಯವರು ಒಬ್ಬೊಬ್ಬರಾಗಿ ಬಂದು ಹೂವಿಟ್ಟು ಹೊರಗೆ ಬಾಡಿಗೆ ಕುರ್ಚಿಗಳಲ್ಲಿ ಕೂತರು. ಅವರ ನಡುವೆ ಕನ್ನಡಕ ಹಾಕಿದ, ಮುಂದಲೆ ಬೋಳಾದ ಒಬ್ಬನನ್ನು ಉದ್ದಣ್ಣ ಭುಜ ಹಿಡಿದು ಒಳಗೆ ಕರೆತಂದ.

"ಅಕ್ಕ, ಇವರು ಡ್ರೈವ್ ಸಾಹೇಬ್ರು. ಅವಾಗ ಆ ಪೆಟ್ಟಿಗೆಗಳನ್ನ ಹಾಕಿದ್ರಲ್ಲ, ಇವರೇ. ವಿಷಯ ತಿಳಿದು ಅಷ್ಟು ದೂರದಿಂದ ಬಂದಿದಾರೆ."

ಮೀಸೆ ಬಾರದ ಹುಡುಗ ಇವನೇನಾ, ಎಂದು ಅವಳು ನೋಡಿದಳು. ಈಗ ಮೀಸೆಯಲ್ಲಿ ಒಂದೆರಡು ನರೆಗೂದಲೂ ಇದ್ದವು. ಅವನು ಹೂವಿಟ್ಟು, ಸ್ವಲ್ಪ ಹೊತ್ತು ನಿಂತು, ಅವಳ ಪಕ್ಕ ಬಂದು ಕುಕ್ಕರುಗಾಲಲ್ಲಿ ಕೂತ.

"ಅಮ್ಮ, ನಾನು ಆಗಲೇ ಬರ್ಬೇಕಿತ್ತು. ಧೈರ್ಯ ಆಗ್ಲಿಲ್ಲ. ನನ್ನ ವರದಿಯಿಂದ ಅವರ ಕೆಲಸ ಹೋಯ್ತು."

"ನಿಮ್ಮದೇನಿದೆ ಅದರಲ್ಲಿ?" ಎಂದಳು ಅವಳು. "ವೈಂಡಿಂಗ್ ಕೆಟ್ಟಿತ್ತು. ಇದ್ದದ್ದನ್ನ ಬರೆದಿರಿ."

"ವೈಂಡಿಂಗಾ?" ಅವನು ಕನ್ನಡಕ ತೆಗೆದ. "ಅಯ್ಯೋ, ಇಲ್ಲಮ್ಮ. ವೈಂಡಿಂಗ್ ಬಗ್ಗೆ ನಾನು ಒಂದು ಕೆಟ್ಟ ಮಾತೂ ಬರೀಲಿಲ್ಲ. ಅಂಥ ವೈಂಡಿಂಗ್ ಅದಕ್ಕೆ ಮುಂಚೆ ನೋಡಿರ್ಲಿಲ್ಲ, ಆಮೇಲೂ ನೋಡಿಲ್ಲ. ಕಾಗದ ಜಾರಿದ್ರೆ, ತಂತಿ ತಪ್ಪಿದ್ರೆ ಒಂದು ಕಡೆ ಮಾತ್ರ ಸುಡುತ್ತೆ. ಇದು ಹಾಗಲ್ಲ. ಸುತ್ತಲೂ ಒಂದೇ ಸಮ ಬೆಂದಿತ್ತು, ಒಲೆ ಮೇಲೆ ಮರೆತ ಪಾತ್ರೆ ಹಾಗೆ. ಗಾಳಿ ಇಲ್ಲದೆ ಬೆಂದದ್ದು."

"ಗಾಳಿ?"

"ಮೋಟರಿನ ಬೆನ್ನಿಗೆ ಫ್ಯಾನ್ ಇರುತ್ತಲ್ಲ, ಅದು ಮೋಟರಿನ ತಿರುಗೋ ಶಾಫ್ಟಿಗೇ ಜೋಡಿಸಿರೋದು. ಮೋಟರು ನಿಧಾನ ಆದ್ರೆ ಫ್ಯಾನೂ ನಿಧಾನ. ಆದ್ರೆ ತೊಟ್ಟಿಲಿರೋ ಸಾಬೂನಿನ ಮುದ್ದೆ ಹಗುರ ಆಗುತ್ತಾ? ಭಾರ ಅಷ್ಟೇ, ಗಾಳಿ ಇಲ್ಲ. ಅದಕ್ಕೆ ಬೇರೆ ಕರೆಂಟಿನ ಮೇಲೆ ಓಡೋ ಫ್ಯಾನು ತರಿಸಿಕೊಟ್ಟಿದ್ದೆ. ಅದನ್ನ ಕೂರಿಸೋ ತನಕ ಅರ್ಧ ವೇಗಕ್ಕಿಂತ ಕೆಳಗೆ ಇಳಿಯದ ಹಾಗೆ ಡ್ರೈವಿನಲ್ಲಿ ಒಂದು ಮಿತಿ ಇಟ್ಟು ಹೋಗಿದ್ದೆ." ಅವನು ಮಲಗಿದವನ ಕಡೆ ನೋಡಿ ದನಿ ತಗ್ಗಿಸಿದ. "ನಾಲ್ಕನೇದರಲ್ಲಿ ಹೊಸ ಸಾಬೂನು, ತುಂಬಾ ನಿಧಾನ ಕಲಸ್ಬೇಕಿತ್ತು. ಮೇಸ್ತ್ರಿ ಆ ಮಿತಿ ತೆಗೆದುಬಿಟ್ರು. ಫ್ಯಾನು ಪೆಟ್ಟಿಗೆ ಕೂಡ ಒಡೀದೆ ಸ್ಟೋರಿನಲ್ಲಿತ್ತು."

"ಯಾಕೆ?"

"ಅವರ ಕಾಲದವರೆಲ್ಲ ಮಾಡೋ ತಪ್ಪೇ ಅದು. ಓಡೋ ಮೋಟರು ಬಿಸಿ, ನಡೆಯೋ ಮೋಟರು ತಣ್ಣಗೆ ಅಂತ ಅವರ ಲೆಕ್ಕ. 'ನಿಧಾನ ನಡೆಯೋನಿಗೆ ಬೀಸಣಿಗೆ ಯಾಕಯ್ಯಾ' ಅಂತ ನನಗೇ ನಗಾಡಿದ್ರು. ಕಾರ್ಖಾನೆ ಡೈರಿಯಲ್ಲಿ ಅವರ ಸಹಿ ಇತ್ತು. ಕೇಳಿದಾಗ 'ನಾನೇ ತೆಗೆದೆ' ಅಂದ್ರು. ಬೇರೆಯವರ ಮೇಲೆ ಹಾಕ್ಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ಗೌರವ."

ಅವಳು ನೆಲದ ಮೇಲಿನ ವಾರ್ನಿಶ್ಶಿನ ಹನಿಯೊಂದನ್ನು ಉಗುರಿನಿಂದ ಕೆರೆಯತೊಡಗಿದಳು.

"ನೀವು ಬಿಚ್ಚಿ ನೋಡಿದ್ರಾ?"

"ಮೂವತ್ತಾರು ಸ್ಲಾಟನ್ನೂ ಬಿಚ್ಚಿದ್ವಿ."

"ತಂತಿ ಹೊರಗೆ ಬರೋ ಕಡೆಯಿಂದ ಎಡಕ್ಕೆ ಎಣಿಸಿದ್ರೆ ಇಪ್ಪತ್ತಮೂರನೇದು. ಅದರಲ್ಲಿ ಕಾಗದ ಇತ್ತಾ?"

ಅವನು ಗಲಿಬಿಲಿಗೊಂಡು ಅವಳನ್ನೇ ನೋಡಿದ. "ಎಲ್ಲದರಲ್ಲೂ ಇತ್ತಮ್ಮ. ಖಾಲಿ ಸ್ಲಾಟು ಒಂದೂ ಇರ್ಲಿಲ್ಲ. ಕಪ್ಪಾಗಿತ್ತು, ಆದ್ರೆ ಇತ್ತು."

ಕಪ್ಪಾಗಿತ್ತು, ಆದರೆ ಇತ್ತು. ಅವಳ ಕಿವಿಯೊಳಗೆ ಬೇರೇನೂ ಹೋಗಲಿಲ್ಲ ಸ್ವಲ್ಪ ಹೊತ್ತು. ಅವನು ಏನೋ ಕೇಳುತ್ತಿದ್ದ. "ನಿಮಗೆ ಸ್ಲಾಟಿನ ವಿಷಯ ಇಷ್ಟೆಲ್ಲ...?"

"ಅವರು ಹೇಳ್ತಿದ್ರು," ಎಂದಳು.

ಬಾಯಿಂದ ಜಾರಿದ ಮೇಲೆ ಅವಳಿಗೇ ಅಸಹ್ಯವಾಯಿತು. ಇನ್ನೂ ಕಾಯುತ್ತಿದ್ದೇನೆ ಇವನ ಹೆಸರನ್ನು. ಉಸಿರು ನಿಂತ ಮೇಲೂ.

*

ಯಾರೂ ಸೇರಿ ಸಂಚು ಮಾಡಿರಲಿಲ್ಲ. ವೈಂಡಿಂಗ್ ಯಾರದೆಂದು ಕಾರ್ಖಾನೆಗೆ ಗೊತ್ತಿರಲಿಲ್ಲ. ಮೋಟರು ಯಾಕೆ ಸುಟ್ಟಿತೆಂದು ಮನೆಗೆ ಗೊತ್ತಿರಲಿಲ್ಲ. ಎರಡೂ ಗೊತ್ತಿದ್ದವನು ಒಬ್ಬನೇ. ಅವನು ದಿನಾ ಸಂಜೆ ಅವಳ ಎದುರು ಕೂತು ಚಹಾ ಕುಡಿದ.

ಕ್ಷಮಿಸಿದವನಂತೆ ಬದುಕಿದ. ಅದು ಅವನಿಗೆ ಚೆನ್ನಾಗಿ ಒಗ್ಗಿತ್ತು. ಅವಳ ಕೈಯಿಂದ ಲೋಟ ಬಿದ್ದು ಒಡೆದರೆ "ಹೋಗಲಿ ಬಿಡು, ಕೈ ತಪ್ಪುತ್ತೆ" ಎನ್ನುತ್ತಿದ್ದ, ಅಷ್ಟು ಮೆತ್ತಗೆ. ಆ ಮೆತ್ತನೆಯ ಮಾತಿಗೆ ಅವಳು ಒಂದು ದಿನ ಪೂರ್ತಿ ಕರಗಿ ಹೋಗುತ್ತಿದ್ದಳು. ಅವಳು ಒಂದು ದೊಡ್ಡ ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ದಿನಕ್ಕೆ ಮುನ್ನೂರು ಹಾಸಿಗೆ ಹೊದಿಕೆಗಳನ್ನು ಮಡಚಿದಳು. ಬಂದು ಅಡುಗೆ ಮಾಡಿದಳು. ಅವನಿಗೆ ಬಡಿಸಿ, ಉಳಿದದ್ದನ್ನು ತಿಂದಳು. ನೋವು ಎಂದು ಒಂದು ದಿನ ಮಲಗಲಿಲ್ಲ. ಮಲಗುವ ಹಕ್ಕು ತನಗೆಲ್ಲಿದೆ ಎಂದುಕೊಂಡಳು. ಅವನು ಮನೆಯಲ್ಲಿ ಕೂತು ಅಕ್ಕಪಕ್ಕದವರ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿದ. ವೈಂಡಿಂಗ್ ಬಂದರೆ ಬೇರೆ ಅಂಗಡಿಗೆ ಕಳಿಸಿದ.

ಒಂದು ಸಲ, ಐದಾರು ವರ್ಷದ ಹಿಂದಿರಬೇಕು, ರಜೆಯ ದಿನ ಅವಳು ಮೇಜಿನ ಮುಂದೆ ಕೂತು ಸುಮ್ಮನೆ ತಂತಿಯ ಉರುಳೆ ಕೈಗೆತ್ತಿಕೊಂಡಿದ್ದಳು. ಪಕ್ಕದ ಮನೆಯವರ ನೀರಿನ ಪಂಪು ಬಂದಿತ್ತು. ಚಿಕ್ಕದು, ಎರಡು ಗಂಟೆ ಕೆಲಸ. ಬೆರಳು ತಾನಾಗಿ ಮೊದಲ ಸುತ್ತು ಹಾಕಿತು. ಅವನು ಹಿಂದಿನಿಂದ ಬಂದು ಉರುಳೆಯನ್ನು ಅವಳ ಕೈಯಿಂದ ಬಿಡಿಸಿಕೊಂಡ.

"ಬೇಡ," ಎಂದಿದ್ದ. "ನಿನಗೆ ಮತ್ತೆ ಅದೆಲ್ಲ ನೆನಪಾಗುತ್ತೆ. ನಾನಿದೀನಲ್ಲ."

ಅವತ್ತು ಅವಳು ಹಿತ್ತಲಲ್ಲಿ ಹೋಗಿ ಅತ್ತಿದ್ದಳು. ಇಷ್ಟು ಅರ್ಥ ಮಾಡಿಕೊಳ್ಳುವ ಗಂಡ ಎಂದು.

*

"ಇನ್ನೇನು ಹೊರಡೋ ಹೊತ್ತಾಯ್ತು. ಅದಕ್ಕೆ ಮುಂಚೆ ನಾನೊಂದೆರಡು ಮಾತು," ಎಂದು ಉದ್ದಣ್ಣ ಎದ್ದು ನಿಂತ. ಅವನ ತಲೆ ಬಾಗಿಲ ಚೌಕಟ್ಟಿಗೆ ತಾಗುವಂತಿತ್ತು. ಹೊರಗಿದ್ದವರು ಕಿಟಕಿಯ ಹತ್ತಿರ ಸೇರಿದರು.

"ನನಗೆ ಭಾಷಣ ಬರಲ್ಲ. ಈ ಕೈ ನೋಡಿ." ಅವನು ಬಗ್ಗಿ ಹೊದಿಕೆಯ ಮೇಲಿದ್ದ ಆ ದಪ್ಪ ಬೆರಳುಗಳನ್ನು ತೋರಿಸಿದ. "ಇದರಂಥ ಕೈ ಇನ್ನು ಹುಟ್ಟಲ್ಲ. ಇದು ಸುತ್ತಿದ ಇನ್ನೂ ಎಂಟು ಮೋಟರು ನಮ್ಮಲ್ಲಿ ಓಡ್ತಾ ಇವೆ. ಹೊಸದಾಗಿ ಬಂದವರಿಗೆ ಬಿಚ್ಚಿ ತೋರಿಸ್ತೀವಿ, ನೋಡ್ರೋ, ಕೆಲಸ ಅಂದ್ರೆ ಹೀಗಿರ್ಬೇಕು ಅಂತ."

"ಅದು ನನ್ನ ಕೈ," ಎಂದಳು ಅವಳು.

ಜೋರಾಗಿಯೇ ಅಂದಿದ್ದಳು. ಕಿಟಕಿಯ ತನಕ ಕೇಳಿಸಿತು. ಉದ್ದಣ್ಣನ ಕಣ್ಣಲ್ಲಿ ನೀರು ಬಂತು.

"ಕೇಳಿದ್ರಾ?" ಎಂದಳು, ಅತ್ತಿಗೆ ಕೈ ಹಾಕಿದ್ದು ಆ ಕೆಟ್ಟ ಮೋಟರೊಂದಕ್ಕೇ ಎಂದು ತಿಳಿದಿದ್ದ ನಾದಿನಿ, ಮೂಗು ಒರೆಸಿಕೊಳ್ಳುತ್ತ. "ಗಂಡನ ಕೈಯೇ ತನ್ನ ಕೈ ಅಂತಾಳೆ. ಎಷ್ಟಾದ್ರೂ ಮೂವತ್ತು ವರ್ಷ ಬಾಳಿದ ಜೀವ." ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾದಿನಿ ಅತ್ತಿಗೆಯ ಬೆನ್ನು ಸವರಿದಳು.

ಅವಳು ಬೆನ್ನು ಸರಿಸಿಕೊಂಡು ಎದ್ದು ಹಿತ್ತಲಿಗೆ ಹೋದಳು.

ಮಗಳು ನಲ್ಲಿಯ ಮುಂದೆ ಕೂತು ಬಂದವರು ಕುಡಿದ ಚಹಾದ ಲೋಟ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ಅವಳು ಪಕ್ಕದಲ್ಲಿ ನಿಂತಳು. ಹೇಳಬೇಕೋ, ಬೇಡವೋ? ಇಪ್ಪತ್ತು ದಿನ ಆ ಕುರ್ಚಿಯಲ್ಲಿ ಮಲಗಿದ ಹುಡುಗಿ. ಅವಳಿಗೆ ಬದುಕಿನಲ್ಲಿ ಒಳ್ಳೆಯದು ಎಂದು ಉಳಿದಿದ್ದರೆ ಅಪ್ಪ ಒಬ್ಬನೇ. ಹೇಳಿದರೆ ಆ ಒಬ್ಬನೂ ಹೋಗುತ್ತಾನೆ, ಅದೂ ಮಣ್ಣಿಗೆ ಹೋಗುವ ಮೊದಲೇ. ಹೇಳದಿದ್ದರೆ, ಹದಿನಾರನೆಯ ವಯಸ್ಸಿನ ಆ ಜ್ವರವನ್ನು ಇವಳು ಸಾಯುವ ತನಕ ಹೊರುತ್ತಾಳೆ.

"ನಿನ್ನ ಜ್ವರಕ್ಕೂ ಆ ಮೋಟರಿಗೂ ಸಂಬಂಧ ಇರ್ಲಿಲ್ಲ," ಎಂದಳು.

ಲೋಟ ನಲ್ಲಿಯ ಕೆಳಗೆ ನಿಂತಿತು.

"ಕಾಗದ ಇತ್ತಂತೆ. ನಾ ಹಾಕಿದ್ದೆ. ಡ್ರೈವಿನ ಇಂಜಿನಿಯರ್ ಬಂದಿದಾರಲ್ಲ, ಅವರೇ ಬಿಚ್ಚಿ ನೋಡಿದ್ದು. ಮೋಟರು ಗಾಳಿ ಇಲ್ಲದೆ ಬೆಂದದ್ದು. ತುಂಬ ನಿಧಾನ ಓಡಿಸ್ಬೇಡಿ ಅಂತ ಹೇಳಿ ಹೋಗಿದ್ರಂತೆ. ನಿಮ್ಮಪ್ಪ ಓಡಿಸಿದ್ರು."

"ಅಪ್ಪಂಗೆ ಗೊತ್ತಿರ್ಲಿಲ್ವೇನೋ."

"ಸಹಿ ಹಾಕಿದಾರೆ. 'ನಾನೇ ತೆಗೆದೆ' ಅಂತ ಅಲ್ಲಿ ಒಪ್ಪಿಕೊಂಡಿದಾರೆ. ಇಲ್ಲಿ ಬಂದು ವೈಂಡಿಂಗ್ ಹೋಯ್ತು ಅಂದ್ರು."

ಮಗಳು ಈಗ ತಲೆಯೆತ್ತಿದಳು. ಎಷ್ಟೋ ವರ್ಷದ ಮೇಲೆ ಅಮ್ಮನ ಮುಖವನ್ನು ನೆಟ್ಟಗೆ ನೋಡಿದಳು. ಆ ನೋಟದಲ್ಲಿ ಪ್ರೀತಿಯೇನೂ ಇರಲಿಲ್ಲ.

"ಇವತ್ತೇ ಹೇಳ್ಬೇಕಿತ್ತಾ ಅಮ್ಮ?"

"ನನಗೂ ಇವತ್ತೇ ಗೊತ್ತಾಗಿದ್ದು."

"ನಾಳೆ ಹೇಳ್ಬಹುದಿತ್ತು. ಎಲ್ಲ ಮುಗಿದ ಮೇಲೆ ಹೇಳ್ಬಹುದಿತ್ತು. ಅವರು ಅಲ್ಲಿ ಮಲಗಿದಾರೆ, ಹೌದು ಅಲ್ಲ ಅನ್ನೋಕೆ ಬಾಯಿ ಇಲ್ಲ..."

"ಬಾಯಿ ಹನ್ನೊಂದು ವರ್ಷ ಇತ್ತು."

"ನಿನಗೆ ಅಪ್ಪ ಏನು ಅಂತ ಗೊತ್ತಿಲ್ಲ!" ಮಗಳು ಎದ್ದು ನಿಂತಳು. ಕೈಯಿಂದ ನೊರೆ ಸುರಿಯುತ್ತಿತ್ತು. "ಮೊನ್ನೆ, ಮಾತು ನಿಲ್ಲೋಕೆ ಮುಂಚೆ, ನನ್ನ ಕೈ ಹಿಡ್ಕೊಂಡು ಏನಂದ್ರು ಗೊತ್ತಾ? ಅಮ್ಮನ್ನ ನೋಯಿಸ್ಬೇಡ, ಪಾಪ, ಅವಳೇನು ಬೇಕು ಅಂತ ಮಾಡಿದ್ಲಾ, ಅವಳನ್ನ ಕ್ಷಮಿಸ್ಬಿಡು ಅಂತ..."

ಮಗಳು ಅಲ್ಲಿಗೆ ನಿಲ್ಲಿಸಿದಳು. ತಾನು ಹೇಳಿದ್ದು ತನಗೇ ಕೇಳಿಸಿದಂತೆ ಬಾಯಿ ಅರ್ಧ ತೆರೆದೇ ಉಳಿಯಿತು. ನಲ್ಲಿಯ ನೀರು ಲೋಟ ತುಂಬಿ, ಬಚ್ಚಲು ತುಂಬಿ, ಇಬ್ಬರ ಕಾಲ ಬೆರಳಿಗೂ ಬಂತು. ಅಮ್ಮ ಬಗ್ಗಿ ನಲ್ಲಿ ನಿಲ್ಲಿಸಿದಳು. ಮಗಳನ್ನು ಮುಟ್ಟಬೇಕು ಅನ್ನಿಸಿತು. ಮಗಳು ಸೆರಗಿಗೆ ಕೈ ಒರೆಸಿಕೊಂಡು, ಅಮ್ಮನಿಗೆ ತಾಗದ ಹಾಗೆ ಪಕ್ಕದಿಂದ ಒಳಗೆ ಹೋದಳು.

*

ಗಾಡಿ ಬಾಗಿಲಿಗೆ ಬಂದು ನಿಂತಿತ್ತು. ಸ್ಟ್ರೆಚರಿಗೆ ನಾಲ್ಕು ಹಿಡಿ. ಕಾಲಿನ ಕಡೆ ಇಬ್ಬರು ಕಾರ್ಖಾನೆಯವರು, ತಲೆಯ ಕಡೆ ಒಂದಕ್ಕೆ ಉದ್ದಣ್ಣ. ಇನ್ನೊಂದು ತನ್ನದು, ಬೇರೆ ಯಾರೂ ಮುಟ್ಟಬಾರದು ಎಂದು ಮಗಳು ಬೆಳಗ್ಗೆಯೇ ಹೇಳಿಟ್ಟಿದ್ದಳು. ಆಸ್ಪತ್ರೆಯಿಂದ ಇಳಿಸುವಾಗಲೂ ಅವಳೇ ಹಿಡಿದಿದ್ದಳು.

"ಎಲ್ಲರೂ ಒಟ್ಟಿಗೆ," ಎಂದ ಉದ್ದಣ್ಣ. "ನಾನು ಮೂರು ಅಂದ ತಕ್ಷಣ."

ಮಗಳು ಬಗ್ಗಿ ಹಿಡಿ ಹಿಡಿದಳು. ಅವಳ ಮುಖ ಅಪ್ಪನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಉದ್ದಣ್ಣ ಒಂದು ಅಂದ, ಎರಡು ಅಂದ. ಮಗಳು ಆ ಮುಖವನ್ನೇ ನೋಡುತ್ತಿದ್ದಳು, ಏನೋ ಕೇಳಿ ಉತ್ತರಕ್ಕೆ ಕಾಯುವವಳಂತೆ.

"ಮೂರು."

ಮೂರು ಮೂಲೆ ಎದ್ದವು. ನಾಲ್ಕನೆಯದು ನೆಲ ಬಿಡಲಿಲ್ಲ. ಸ್ಟ್ರೆಚರ್ ಓರೆಯಾಗಿ, ಹೂವುಗಳೆಲ್ಲ ಒಂದೇ ಕಡೆ ಜಾರಿ, ಮಲಗಿದವನ ತಲೆ ಆ ಮೂಲೆಗೆ ವಾಲಿತು.

"ಅಯ್ಯೋ, ಬೀಳ್ತಾನೆ ನಮ್ಮಣ್ಣ! ಹಿಡೀರೋ!" ನಾದಿನಿ ಕಿರುಚಿದಳು.

"ಎತ್ತು ಮಗಳೇ," ಎಂದ ಉದ್ದಣ್ಣ, ಹಲ್ಲು ಕಚ್ಚಿ ಭಾರ ತಡೆಯುತ್ತ. "ಎತ್ತಮ್ಮಾ, ಜಾರ್ತಾ ಇದೆ."

ಮಗಳು ಎತ್ತಲಿಲ್ಲ. ಅವಳ ಕೈ ಹಿಡಿಯಿಂದ ಬಿಟ್ಟುಕೊಂಡಿತ್ತು. ಎರಡೂ ಅಂಗೈ ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಅಲ್ಲೇ ಕುಕ್ಕರಿಸಿದಳು. ಅಳುತ್ತಿರಲಿಲ್ಲ. ಹೊರಗಿನವರಿಗೆ ಅದು ದುಃಖದಂತೆಯೇ ಕಂಡಿತು. ಯಾರೋ "ಪಾಪ, ತಂದೆ ಅಂದ್ರೆ ಜೀವ" ಎಂದರು.

ಗೋಡೆಗೆ ಒರಗಿದ್ದ ಅವಳು ಬಂದಳು. ಮಗಳ ಭುಜವನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಬಗ್ಗಿ, ಆ ಹಿಡಿಗೆ ಕೈ ಹಾಕಿದಳು.

"ಅಕ್ಕ, ನಿಮ್ಮ ಕೈಲಿ ಆಗಲ್ಲ," ಎಂದ ಉದ್ದಣ್ಣ. "ತಡೀರಿ, ಯಾರನ್ನಾದ್ರೂ ಕರೀತೀನಿ."

"ಆಗುತ್ತೆ. ನಡೀರಿ."

ನಾಲ್ಕನೆಯ ಮೂಲೆ ಎದ್ದಿತು. ಭಾರ ಅವಳ ತೋಳಿಗೆ ಬಂದು, ಬೆನ್ನಿಗೆ ಹೋಗಿ ಕೂತಿತು. ಬಾಗಿಲು ಕಿರಿದು, ಮೈ ಓರೆಮಾಡಿ ದಾಟಬೇಕು. ಮುಂದಿನವರು ನಿಂತಾಗ ಅವಳೂ ನಿಂತಳು, ಅವರು ನಡೆದಾಗ ನಡೆದಳು. ಹೊರಗಿನ ಬಿಸಿಲಿಗೆ ಬಂದಾಗ ಅವಳ ಕೈ ಎಲ್ಲರಿಗೂ ಕಂಡಿತು. ಕಬ್ಬಿಣದ ಪೈಪಿನ ಸುತ್ತ ನಾಲ್ಕು ಬೆರಳೂ ಒಂದರ ಪಕ್ಕ ಒಂದು ಬಿಗಿಯಾಗಿ ಸುತ್ತಿಕೊಂಡಿದ್ದವು, ನಡುವೆ ಒಂದು ಎಳೆಯ ಸಂದಿಯೂ ಇಲ್ಲದೆ. ಡ್ರೈವಿನ ಇಂಜಿನಿಯರ್ ಗಾಡಿಯ ಬಾಗಿಲು ಹಿಡಿದು ನಿಂತಿದ್ದ. ಅವನು ಆ ಬೆರಳುಗಳನ್ನು ನೋಡಿದ, ಮತ್ತೆ ನೋಡಿದ, ಮತ್ತು ಬಾಗಿಲನ್ನು ಪೂರ್ತಿ ತೆರೆಯುವುದನ್ನು ಮರೆತ.